ಒಂದೇ ಬಾವಿಯ ಬಳಿ ಹತ್ತು ವರ್ಷ



ಈ ದತ್ತಿ ಉಪನ್ಯಾಸದಲ್ಲಿ, ಎಂ.ಎಸ್ಸಿ. ಮುಗಿಸುತ್ತಿರುವ ವಿದ್ಯಾರ್ಥಿಗಳಿಗೆ, ಭೂವಿಜ್ಞಾನ ಮತ್ತು ಪರಿಸರ ಭೂವಿಜ್ಞಾನದಲ್ಲಿ ಸಂಶೋಧನೆಗೆ ಇರುವ ಅವಕಾಶಗಳ ಬಗ್ಗೆ ಮಾತನಾಡಿ ಎಂದು ಸಂಘಟಕರು ಹೇಳಿದ್ದಾರೆ. ಇಂಥ ವಿಷಯ ಕೊಟ್ಟಾಗ ಫೆಲೋಶಿಪ್‌ಗಳ ಪಟ್ಟಿ ಓದಿ ವೇದಿಕೆ ಇಳಿಯುವುದು ರೂಢಿ. ಆ ಪಟ್ಟಿಯನ್ನು ನಾನೂ ಕೊಡುತ್ತೇನೆ, ಕೊನೆಗೆ, ಚುಟುಕಾಗಿ. ಅದಕ್ಕೆ ಮುಂಚೆ ನನ್ನದೊಂದು ತಕರಾರಿದೆ.

ನಮ್ಮ ಯಾವುದಾದರೂ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಭೂವಿಜ್ಞಾನದ ಪಿಎಚ್.ಡಿ. ಪ್ರಬಂಧಗಳ ಕಪಾಟಿನ ಮುಂದೆ ನಿಂತು ನೋಡಿ. ಶೀರ್ಷಿಕೆಗಳಲ್ಲಿ ಬಹಳಷ್ಟು ಒಂದೇ ಎರಕದವು: ಇಂಥ ತಾಲೂಕಿನ ಅಂತರ್ಜಲದ ಗುಣಮಟ್ಟ, ಇಂಥ ಹಳ್ಳದ ಜಲಾನಯನ ಪ್ರದೇಶದ ಅಧ್ಯಯನ. ಒಳಗೆ ತೆರೆದರೆ ಮುಂಗಾರಿಗೆ ಮೊದಲು ಒಮ್ಮೆ, ಮುಂಗಾರು ಮುಗಿದ ಮೇಲೆ ಒಮ್ಮೆ ಕೊಳವೆಬಾವಿಗಳಿಂದ ನೀರು ತಂದು ಪರೀಕ್ಷಿಸಿದ ಕೋಷ್ಟಕಗಳು. ನೀರಿನ ರಸಾಯನವನ್ನು ವರ್ಗೀಕರಿಸುವ ಒಂದು ಪೈಪರ್ ರೇಖಾಚಿತ್ರ. ಉಪಗ್ರಹ ಚಿತ್ರದಿಂದ ತೆಗೆದ ಬಣ್ಣಬಣ್ಣದ ನಕ್ಷೆಗಳು. ಕೊನೆಗೆ, ಕೆಲವು ಊರುಗಳ ನೀರು ಕುಡಿಯಲು ಯೋಗ್ಯ, ಕೆಲವು ಊರುಗಳದು ಅಲ್ಲ ಎಂಬ ತೀರ್ಮಾನ. ಆ ಊರುಗಳಲ್ಲಿ ಹಲ್ಲು ಕಂದಿದ ಮಕ್ಕಳ ತಾಯಂದಿರಿಗೆ ಇದು ಮೊದಲೇ ಗೊತ್ತಿತ್ತು. ವಿದ್ಯಾರ್ಥಿ ಶ್ರಮಪಟ್ಟಿಲ್ಲ ಎಂದಲ್ಲ. ಕೈಯಿಂದ ಹಣ ಹಾಕಿ ಜೀಪು ಮಾಡಿಕೊಂಡು, ಬಿಸಿಲಲ್ಲಿ ಊರೂರು ಸುತ್ತಿ, ಕ್ಯಾನುಗಳನ್ನು ಹೊತ್ತು ತಂದಿರುತ್ತಾನೆ. ಅವನಿಗೆ ತಾಲೂಕು ಕೊಟ್ಟರು, ಪ್ರಶ್ನೆ ಕೊಡಲಿಲ್ಲ, ಅಷ್ಟೆ.

ಪ್ರಶ್ನೆ ಹೇಗಿರುತ್ತದೆ ಎಂಬುದನ್ನು ಫ್ಲೋರೈಡಿನಿಂದಲೇ ತೋರಿಸುತ್ತೇನೆ. ನೀರಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಬರುವ ಫ್ಲೋರೋಸಿಸ್ ಕಾಯಿಲೆ ಭಾರತದಲ್ಲಿ ಮೊದಲು ದಾಖಲಾದದ್ದು 1937ರಲ್ಲಿ, ನೆಲ್ಲೂರು ಸೀಮೆಯಲ್ಲಿ. ಇಂದು ಪಾವಗಡ, ಚಿಂತಾಮಣಿ, ಮುಂಡರಗಿ ಕಡೆಯವರಿಗೆ ಆ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಎಲ್ಲಿ ಎಷ್ಟಿದೆ ಎಂದು ಅಳೆದು ಮುಗಿದಿದೆ. ಏಕೆ ಅಲ್ಲೇ ಇದೆ, ಪಕ್ಕದ ಹೊಲದ ಬಾವಿಯಲ್ಲಿ ಏಕಿಲ್ಲ ಎಂಬಲ್ಲಿ ಕೆಲಸ ಶುರುವಾಗುತ್ತದೆ.

ನಮ್ಮ ಗ್ರಾನೈಟು, ನೈಸ್ ಶಿಲೆಗಳಲ್ಲಿರುವ ಕಾಗೆಬಂಗಾರದ ಕಪ್ಪು ಬಗೆಯಾದ ಬಯೊಟೈಟಿನಲ್ಲಿ, ಹಾರ್ನ್‌ಬ್ಲೆಂಡಿನಲ್ಲಿ, ಅಪಟೈಟಿನಲ್ಲಿ ಫ್ಲೋರಿನ್ ಅಡಗಿರುತ್ತದೆ. ಕಲ್ಲು ಶಿಥಿಲವಾಗುತ್ತಾ ಅದು ನೀರಿಗಿಳಿಯುತ್ತದೆ. ಆದರೆ ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಎರಡೂ ಕೂಡಿ ಫ್ಲೋರೈಟ್ ಆಗಿ ಕೆಳಗೆ ಕೂರುತ್ತವೆ. ಫ್ಲೋರೈಡ್ ಒಂದು ಮಿತಿ ಮೀರಿ ಏರುವುದಿಲ್ಲ. ಬಯಲುಸೀಮೆಯಲ್ಲಿ ಆಗುವುದು ಬೇರೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ಮಣ್ಣಿನಲ್ಲಿ ಸುಣ್ಣದ ಹರಳು ಕಟ್ಟುತ್ತದೆ. ಕ್ಯಾಲ್ಸಿಯಮ್ಮೆಲ್ಲ ಆ ಹರಳಿಗೆ ಹೋಗಿಬಿಟ್ಟರೆ, ಉಳಿದ ಬೈಕಾರ್ಬೊನೇಟ್ ತುಂಬಿದ ಕ್ಷಾರೀಯ ನೀರಿನಲ್ಲಿ ಫ್ಲೋರೈಡನ್ನು ತಡೆಯುವವರೇ ಇಲ್ಲ. ಹಾಗಾದರೆ ಹೊಲದಲ್ಲಿ ಸುಣ್ಣದ ಹರಳು ಎಲ್ಲಿ ದಟ್ಟವಾಗಿದೆ, ಯಾವ ಆಳದಲ್ಲಿದೆ, ಅದಕ್ಕೂ ಬಾವಿಯ ಫ್ಲೋರೈಡಿಗೂ ಸಂಬಂಧವಿದೆಯೇ? ಗುಣಿ ತೋಡಿ, ಮಣ್ಣಿನ ಪದರ ಪದರ ನೋಡಿ, ಒಂದೇ ಹಳ್ಳಿಯಲ್ಲಿ ಮೂರು ವರ್ಷ ಕೂತರೆ ಉತ್ತರ ಸಿಗಬಹುದಾದ ಪ್ರಶ್ನೆ ಇದು. ಇದಕ್ಕೆ ಕೋಟಿ ರೂಪಾಯಿಯ ಯಂತ್ರ ಬೇಡ.

ಇದೇ ಸೀಮೆಯಲ್ಲಿ ಇನ್ನೊಂದು ದೊಡ್ಡ ಪ್ರಯೋಗ ಯಾರೂ ಪ್ರಯೋಗವೆಂದು ಕರೆಯದೆ ನಡೆಯುತ್ತಿದೆ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ತ್ಯಾಜ್ಯನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಕೆರೆ ತುಂಬಿತು, ಬಾವಿಗೆ ನೀರು ಬಂತು ಎಂದು ರೈತರಿಗೆ ಸಂತೋಷ. ಎಂಥ ನೀರೋ ಎಂಬ ಅನುಮಾನವೂ ಅವರದೇ. ಎರಡಕ್ಕೂ ಕಾರಣವಿದೆ. ಆದರೆ ಭೂರಸಾಯನ ಓದಿದವನ ಕಣ್ಣಿಗೆ ಇಲ್ಲಿ ಬೀಳಬೇಕಾದದ್ದು ಬೇರೆ. ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಹಳೆಯ ನೀರಿನ ಜೊತೆ ಮೇಲಿನಿಂದ ಹೊಸ ನೀರು ಬೆರೆತಾಗ ಫ್ಲೋರೈಡ್ ಬರೀ ತೆಳುವಾಗುತ್ತದೆಯೇ, ಅಥವಾ ರಸಾಯನವೇ ಬದಲಾಗುತ್ತದೆಯೇ? ಯುರೇನಿಯಂ ಏನಾಗುತ್ತದೆ? ಪೂರ್ವದ ಜಿಲ್ಲೆಗಳ ಗ್ರಾನೈಟಿನ ನೀರಿನಲ್ಲಿ ಯುರೇನಿಯಂ ಇರುವುದು ಗೊತ್ತಾಗಿದೆ. ಬೈಕಾರ್ಬೊನೇಟ್ ಮತ್ತು ನೈಟ್ರೇಟ್ ಇದ್ದರೆ ಅದು ಹೆಚ್ಚು ಸಲೀಸಾಗಿ ಕರಗಿ ಓಡಾಡುತ್ತದೆ ಎಂಬುದೂ ಗೊತ್ತಿದೆ. ಸಂಸ್ಕರಿಸಿದ ನೀರಿನಲ್ಲಿ ಎರಡೂ ಇರುತ್ತವೆ. ಕೆರೆಯ ದಂಡೆಯಿಂದ ದೂರ ಹೋಗುತ್ತಾ ಒಂದು ಸಾಲು ಬಾವಿಗಳನ್ನು ಆಯ್ದು, ತಿಂಗಳು ತಿಂಗಳೂ ತಪ್ಪದೆ ಹೋಗುವ ಒಬ್ಬ ವಿದ್ಯಾರ್ಥಿ ಬೇಕು. ಅವನ ಪ್ರಬಂಧವನ್ನು ಕೋಲಾರದವರಷ್ಟೇ ಅಲ್ಲ, ತ್ಯಾಜ್ಯನೀರನ್ನು ಮರುಬಳಸಲು ಹೊರಟ ಎಲ್ಲ ಊರಿನವರೂ ಓದುತ್ತಾರೆ.

ರಿಗ್ ಓಡಿಸುವವರ ಬಗ್ಗೆ ಒಂದು ಮಾತು. ನಮ್ಮಲ್ಲಿ ತೆಂಗಿನಕಾಯಿ ಹಿಡಿದು ನೀರು ನೋಡುವವರಿಗೆ ಸಿಗುವ ಮರ್ಯಾದೆ ಭೂವಿಜ್ಞಾನಿಗೆ ಸಿಗುವುದಿಲ್ಲ ಎಂದು ನಾವು ಕೊರಗುತ್ತೇವೆ. ಅದಿರಲಿ. ಕೊಳವೆಬಾವಿ ಕೊರೆದಾಗ ಎಷ್ಟು ಅಡಿ ಕೇಸಿಂಗ್ ಪೈಪ್ ಇಳಿಸಿದರು ಎಂದು ಬಿಲ್ಲಿನಲ್ಲಿ ಬರೆದಿರುತ್ತದೆ. ಅದಕ್ಕೆ ಬೇರೆ ದರ ಇರುವುದರಿಂದ ಆ ಲೆಕ್ಕ ತಪ್ಪುವುದಿಲ್ಲ. ಕೇಸಿಂಗ್ ಇಳಿಸುವುದು ಸಡಿಲ ಮಣ್ಣು, ಕೊಳೆತ ಕಲ್ಲು ಇರುವವರೆಗೆ. ಅಂದರೆ ಆ ಜಾಗದಲ್ಲಿ ಗಟ್ಟಿ ಬಂಡೆಯ ಮೇಲಿನ ಶಿಥಿಲ ಪದರ ಎಷ್ಟು ದಪ್ಪ ಎಂಬುದಕ್ಕೆ ಆ ಬಿಲ್ಲೇ ಸಾಕ್ಷಿ. ಗಟ್ಟಿಶಿಲೆಯ ನಾಡಿನಲ್ಲಿ ನೀರು ಹಿಡಿದಿಡುವುದು ಮುಖ್ಯವಾಗಿ ಆ ಪದರವೇ. ಒಂದು ಹೋಬಳಿಯ ಹಳೆಯ ಬಿಲ್ಲು ಪುಸ್ತಕಗಳನ್ನು ಕಲೆಹಾಕಿ, ಜಾಗ ಗುರುತಿಸಿ ನಕ್ಷೆ ಬರೆದರೆ ಸಿಗುವ ಮಾಹಿತಿಯನ್ನು ವಿದ್ಯುತ್ ರೋಧ ಸಮೀಕ್ಷೆ ಮಾಡಿ ಪಡೆಯಲು ಎಷ್ಟು ದಿನ, ಎಷ್ಟು ಹಣ ಬೇಕು ಲೆಕ್ಕ ಹಾಕಿ. ರಿಗ್ಗಿನವರು ಮೊದಲು ಅನುಮಾನದಿಂದಲೇ ನೋಡುತ್ತಾರೆ, ತೆರಿಗೆಯವರೇನೋ ಎಂದು. ಸಂಜೆ ಹೊತ್ತು ಚಹಾ ಕುಡಿಯುತ್ತಾ ಕೂತರೆ, ಯಾವ ಆಳದಲ್ಲಿ ಯಾವ ಬಣ್ಣದ ಪುಡಿ ಬಂತು ಎಂಬುದನ್ನೂ ಹೇಳುತ್ತಾರೆ.

ಘಟ್ಟದ ಕೆಳಗೆ ಬಂದರೆ ಪ್ರಶ್ನೆಯ ಸ್ವರೂಪವೇ ಬದಲು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿತ್ತು. ರಸ್ತೆಬದಿಯ ಅಂಗಡಿ, ನಿಂತ ಲಾರಿ, ಜೀವಗಳು ಹೋದವು. ಅದಕ್ಕೂ ಮುಂಚೆ, 2018ರ ಆಗಸ್ಟಿನಲ್ಲಿ, ಕೊಡಗಿನ ಗುಡ್ಡಗಳು ಜಾರಿದ್ದವು. ಗುಡ್ಡ ಕತ್ತರಿಸಿದ್ದು ಕಾರಣ ಎಂದು ಎಲ್ಲರೂ ಹೇಳಿದರು, ನಿಜವೇ. ಆದರೆ ಕತ್ತರಿಸಿದ ಎಲ್ಲ ಗುಡ್ಡವೂ ಕುಸಿಯಲಿಲ್ಲವಲ್ಲ? ಕರಾವಳಿಯವರಿಗೆ ಮುರಕಲ್ಲಿನ ಕೆಳಗೆ ಸಿಗುವ ಶೇಡಿ ಮಣ್ಣು ಗೊತ್ತು. ಬಿಳಿ, ನಸುಗುಲಾಬಿ, ಹಳದಿ ಪಟ್ಟೆಯ ಆ ಮಣ್ಣು ಒಣಗಿದ್ದಾಗ ಗೋಡೆ ಕಡಿದ ಹಾಗೆ ನೆಟ್ಟಗೆ ನಿಲ್ಲುತ್ತದೆ, ನೀರು ಕುಡಿದರೆ ಅಂಬಲಿ. ಸುರತ್ಕಲ್ಲಿನ ಎನ್‌ಐಟಿಕೆಯ ಎಂಜಿನಿಯರುಗಳು ಅದರ ಬಲವನ್ನು ಪ್ರಯೋಗಾಲಯದಲ್ಲಿ ಅಳೆದಿದ್ದಾರೆ. ಮುಂದಿನ ಹೆಜ್ಜೆ ಭೂವಿಜ್ಞಾನಿಯದು: ಯಾವ ಮೂಲಶಿಲೆ ಕೊಳೆತು ಶೇಡಿಯಾಗಿದೆ, ಆ ಶಿಲೆಯ ಹಳೆಯ ಬಿರುಕುಗಳು ಮಣ್ಣಾದ ಮೇಲೂ ಉಳಿದಿವೆಯೇ, ಆ ಬಿರುಕುಗಳ ಇಳಿಜಾರು ರಸ್ತೆಯ ಕಡೆಗಿದೆಯೇ ಗುಡ್ಡದ ಒಳಕ್ಕಿದೆಯೇ. ಬ್ರಂಟನ್ ಕಂಪಾಸು ಹಿಡಿದು ಹೆದ್ದಾರಿಯ ಕಡಿತಗಳನ್ನು ಒಂದೊಂದಾಗಿ ನೋಡುತ್ತಾ ಹೋಗುವ ಕೆಲಸ. ಇದರ ಜೊತೆಗೆ ಮಳೆಗಾಲದಲ್ಲಿ ಮಣ್ಣಿನೊಳಗಿನ ನೀರಿನ ಒತ್ತಡ ಗಂಟೆಗಂಟೆಗೆ ಹೇಗೆ ಏರುತ್ತದೆ ಎಂದು ದಾಖಲಿಸಬೇಕು. ಮಳೆಯ ಲೆಕ್ಕಕ್ಕೆ ನಮಗೆ ಬಡತನವಿಲ್ಲ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುತ್ತದೆ. ಗುಡ್ಡದೊಳಗೆ ಏನಾಗುತ್ತಿದೆ ಎಂಬುದಕ್ಕೆ ಅಷ್ಟು ದಟ್ಟವಾದ ಅಳತೆ ಇಲ್ಲ.

ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳು ಗಡಿಕೇಶ್ವರವನ್ನು ಮರೆಯಬಾರದು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲೂಕಿನ ಆ ಊರಿನಲ್ಲಿ ನೆಲದೊಳಗಿಂದ ಗುಡುಗಿನಂಥ ಸದ್ದು, ಮೇಲಿಂದ ಮೇಲೆ ಸಣ್ಣ ಕಂಪನ. ಜನ ಮನೆ ಬಿಟ್ಟು ಹೊರಗೆ ಮಲಗಿದರು. ಮೇಲೆ ದಖ್ಖನಿನ ಲಾವಾ ಶಿಲೆ, ಕೆಳಗೆ ಭೀಮಾ ಸೀಮೆಯ ಸುಣ್ಣಕಲ್ಲು. ಮಳೆಗಾಲ ಮುಗಿದ ಮೇಲೇ ಏಕೆ ಇದು? ಬಿರುಕುಗಳಿಗೆ ನೀರು ಇಳಿದು ಒತ್ತಡ ಹೆಚ್ಚಿದ್ದರಿಂದಲೇ? 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿಯಲ್ಲಿ ಆದ ಭೂಕಂಪವನ್ನು ನೆನಪಿಟ್ಟಿರುವ ಸೀಮೆಯಲ್ಲಿ ಇದು ಪರೀಕ್ಷೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಕಲಬುರಗಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಭೂವಿಜ್ಞಾನ ವಿಭಾಗವಿದೆ, ಊರು ಅಲ್ಲಿಂದ ಬೆಳಗ್ಗೆ ಹೋಗಿ ಸಂಜೆ ಬರುವಷ್ಟು ದೂರ.

ಇಷ್ಟು ಹೊತ್ತು ನೀರು, ಮಣ್ಣು ಎಂದೆ. ಶುದ್ಧ ಶಿಲಾವಿಜ್ಞಾನಕ್ಕೆ ಕಾಲ ಮುಗಿಯಿತೇ ಎಂದು ಕೇಳುವವರಿದ್ದಾರೆ. ಮುಗಿದಿಲ್ಲ. ಮೈಸೂರು ಸಂಸ್ಥಾನ 1894ರಲ್ಲೇ ತನ್ನದೊಂದು ಭೂವಿಜ್ಞಾನ ಇಲಾಖೆ ತೆರೆದು, ಧಾರವಾಡ ಶಿಲೆಗಳಿಗೆ ಆ ಹೆಸರು ಕೊಟ್ಟ ರಾಬರ್ಟ್ ಬ್ರೂಸ್ ಫೂಟ್ ಅವರನ್ನೇ ಅದರ ಮುಖ್ಯಸ್ಥರನ್ನಾಗಿ ಕರೆತಂದಿತು. ಆ ಇಲಾಖೆಯಲ್ಲಿ ಬೆಳೆದ ಬಿ.ಪಿ. ರಾಧಾಕೃಷ್ಣ ಅವರು 1958ರಲ್ಲಿ ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾ ಕಟ್ಟಿದವರಲ್ಲಿ ಒಬ್ಬರು. ಮರುವರ್ಷದಿಂದ ಅದರ ಪತ್ರಿಕೆ ಬೆಂಗಳೂರಿನಿಂದ ಹೊರಡುತ್ತಿದೆ. ಇಷ್ಟೆಲ್ಲ ಇದ್ದೂ, ಹಾಸನ ಜಿಲ್ಲೆಯ ಗೊರೂರಿನ ನೈಸ್ ಶಿಲೆ 336 ಕೋಟಿ ವರ್ಷ ಹಳೆಯದು ಎಂದು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದವರು ಬ್ರಿಟನ್ನಿನ ಮೂವರು ವಿಜ್ಞಾನಿಗಳು. ಕಲ್ಲು ನಮ್ಮದು, ಯಂತ್ರ ಅವರದು. ಹೇಮಾವತಿ ದಂಡೆಯ ಆ ಊರು ಕನ್ನಡ ಓದುಗರಿಗೆ ಸಾಹಿತ್ಯದ ಕಾರಣಕ್ಕೆ ಪ್ರಿಯ. ಭೂಮಿಯ ಬಾಲ್ಯವನ್ನು ಓದುವವರಿಗೆ ಇದೂ ಒಂದು ಕಾರಣ.

ಯಂತ್ರದ ಕೊರತೆ ಈಗ ಆಗಿನಷ್ಟಿಲ್ಲ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ಶಿಲೆ, ಕೆಸರುಗಳ ಕಾಲಮಾಪನಕ್ಕೆಂದೇ ರಾಷ್ಟ್ರೀಯ ಸೌಲಭ್ಯ ಬಂದಿದೆ. ವಿಶ್ವವಿದ್ಯಾಲಯದ ವಿದ್ಯಾರ್ಥಿ ಅರ್ಜಿ ಹಾಕಿ ಸರದಿ ಕಾಯಬಹುದು. ಹೈದರಾಬಾದಿನ ಎನ್‌ಜಿಆರ್‌ಐ, ಅಹಮದಾಬಾದಿನ ಪಿಆರ್‌ಎಲ್, ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಭೂವಿಜ್ಞಾನ ಕೇಂದ್ರ ಇವೆ. ಕ್ಲೋಸ್‌ಪೇಟೆ (ರಾಮನಗರದ ಹಳೆಯ ಹೆಸರು) ಗ್ರಾನೈಟಿನ ಮೇಲೆ ಬೆಂಗಳೂರು ವಿಶ್ವವಿದ್ಯಾಲಯದಲ್ಲಿದ್ದ ಎಂ. ಜಯಾನಂದ ಅವರು ಫ್ರೆಂಚ್ ಸಹೋದ್ಯೋಗಿಗಳ ಜೊತೆ 1990ರ ದಶಕದಿಂದ ಮಾಡಿದ ಕೆಲಸ, ರಾಮನಗರದ ಬಂಡೆಗಳನ್ನು ಜಗತ್ತಿನ ಪಠ್ಯಗಳಿಗೆ ಸೇರಿಸಿತು. ಆದರೆ ಜಿರ್ಕಾನ್ ಹರಳಿನ ವಯಸ್ಸು ಬಂದ ಮಾತ್ರಕ್ಕೆ ಏನೂ ಗೊತ್ತಾಗುವುದಿಲ್ಲ. ಯಾವ ಕಲ್ಲು ಯಾವುದನ್ನು ಸೀಳಿ ಬಂದಿದೆ, ಮಡಿಕೆ ಮೊದಲೋ ಗ್ರಾನೈಟು ಮೊದಲೋ ಎಂದು ನೆಲದ ಮೇಲೆ ನಕ್ಷೆ ಬರೆದವನಿಗೆ ಮಾತ್ರ ಆ ಸಂಖ್ಯೆ ಮಾತನಾಡುತ್ತದೆ. ಸುತ್ತಿಗೆ ಹಿಡಿದು ನಕ್ಷೆ ಬರೆಯುವ ವಿದ್ಯೆ ನಮ್ಮ ವಿಭಾಗಗಳಲ್ಲಿ ವರ್ಷಕ್ಕೊಮ್ಮೆಯ ಪ್ರವಾಸಕ್ಕೆ ಇಳಿದಿದೆ ಎಂಬುದು ನನ್ನ ಬೇಸರ. ಗ್ರಾನೈಟ್ ಕ್ವಾರಿಗಳು ಒಳ್ಳೆಯ ಅಡ್ಡಕೊಯ್ತಗಳನ್ನು ದಿನಾ ತೆರೆದು ತೋರಿಸುತ್ತಿವೆ, ಮತ್ತೆ ಅಳಿಸುತ್ತಲೂ ಇವೆ. ಮುಂದಿನ ತಿಂಗಳು ಹೋದರೆ ಆ ಗೋಡೆ ಲಾರಿ ಹತ್ತಿರುತ್ತದೆ.

ಮಂಡ್ಯದ ಮರ್ಲಗಲ್ಲದಲ್ಲಿ ಲಿಥಿಯಂ ಸಿಕ್ಕಿತು ಎಂಬ ಸುದ್ದಿ ಬಂದಾಗ ನಾಡೇ ಕುಣಿಯಿತು. ಪರಮಾಣು ಖನಿಜ ನಿರ್ದೇಶನಾಲಯ ಅಂದಾಜಿಸಿದ್ದು 1,600 ಟನ್. ಗಣಿಯ ಲೆಕ್ಕದಲ್ಲಿ ಸಣ್ಣದು. ಆದರೆ ಲಿಥಿಯಂ ಹೊತ್ತ ಆ ಪೆಗ್ಮಟೈಟ್‌ಗಳು ಯಾವ ಗ್ರಾನೈಟಿನ ಕೂಸು, ಅಲ್ಲೇ ಏಕೆ ಬಂದವು ಎಂಬ ಪ್ರಶ್ನೆ ಸಣ್ಣದಲ್ಲ. ಸುದ್ದಿಯಿಂದ ಸಂಶೋಧನೆ ಹುಟ್ಟಿದರೆ ತಪ್ಪೇನಿಲ್ಲ, ಸುದ್ದಿ ತಣ್ಣಗಾದ ಮೇಲೂ ವಿದ್ಯಾರ್ಥಿ ಅಲ್ಲಿದ್ದರೆ.

ಗಣಿ ಮುಗಿದ ಮೇಲಿನ ನೆಲವೂ ನಮ್ಮ ವಿಷಯವೇ. ಕೋಲಾರ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಊರಿನವರು ಸೈನೈಡ್ ದಿಬ್ಬ ಎನ್ನುವ ಪುಡಿಯ ಗುಡ್ಡಗಳು ಉಳಿದವು, ಮೂರು ಕೋಟಿ ಟನ್ನಿಗೂ ಹೆಚ್ಚು. ಗಾಳಿಗೆ ಆ ಪುಡಿ ಮನೆಯೊಳಗೆ ಬರುತ್ತದೆ. ಅದರಲ್ಲಿ ಉಳಿದ ಚಿನ್ನಕ್ಕೆ ಗಿರಾಕಿಗಳಿದ್ದಾರೆ. ಅದರ ಮೇಲೆ ಯಾವ ಹುಲ್ಲು ತಾನಾಗಿ ಬೇರು ಬಿಟ್ಟಿದೆ, ಮಳೆನೀರು ಅದರೊಳಗಿಂದ ಏನನ್ನು ಹೊತ್ತು ಪಕ್ಕದ ಹೊಲಕ್ಕೆ ಇಳಿಯುತ್ತದೆ ಎಂದು ವರ್ಷಗಟ್ಟಲೆ ನೋಡುವವರು ಅಪರೂಪ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತ ಕುದುರೆಮುಖದ ಗಣಿಗೆ, ಲಖ್ಯಾ ಅಣೆಕಟ್ಟಿನ ಹಿಂದೆ ಕೂತಿರುವ ಹೂಳಿಗೆ, ಸಂಡೂರಿನ ಕೆಂಪು ಹಳ್ಳಗಳಿಗೆ ಇದೇ ಮಾತು.

ಹಾಗಾದರೆ ದೀರ್ಘಕಾಲ ಒಂದೇ ಕಡೆ ಕೂತು ನೋಡಿದವರು ನಮ್ಮಲ್ಲಿ ಯಾರೂ ಇಲ್ಲವೇ? ಇದ್ದಾರೆ, ಗುಂಡ್ಲುಪೇಟೆಯ ಕಡೆ. ಬಂಡೀಪುರ ಕಾಡಿನೊಳಗಿನ ಮೂಲೆಹೊಳೆ ಬರೀ ನಾಲ್ಕು ಚದರ ಕಿಲೋಮೀಟರಿನ ಪುಟ್ಟ ಜಲಾನಯನ. ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಶೇಖರ್ ಮತ್ತು ಸಂಗಡಿಗರು ಫ್ರೆಂಚ್ ವಿಜ್ಞಾನಿಗಳ ಜೊತೆ ಸೇರಿ 2000ರ ದಶಕದ ಆರಂಭದಿಂದ ಅಲ್ಲಿ ಮಳೆ, ಹಳ್ಳ, ಬಾವಿ, ಮಣ್ಣು, ಶಿಥಿಲ ಶಿಲೆ ಎಲ್ಲವನ್ನೂ ಅಳೆಯುತ್ತಾ ಬಂದಿದ್ದಾರೆ. ಪಕ್ಕದಲ್ಲೇ, ಅರಿಶಿನ, ಚೆಂಡುಹೂವು, ಕಬ್ಬು ಬೆಳೆಯುವ ಬೇರಂಬಾಡಿ. ಅದು 84 ಚದರ ಕಿಲೋಮೀಟರ್. ಒಂದು ಕಾಡು, ಒಂದು ಹೊಲ, ಕೆಳಗಿನ ಕಲ್ಲು ಹೆಚ್ಚು ಕಡಿಮೆ ಒಂದೇ.

ಕಾಡಿನಲ್ಲಿ ಅವರಿಗೆ ಕಂಡದ್ದು ಕುತೂಹಲದ ಸಂಗತಿ. ಕಾಡಿದ್ದರೆ ಅಂತರ್ಜಲ ತಾನಾಗಿ ತುಂಬುತ್ತದೆ ಎಂದು ನಾವು ಭಾಷಣದಲ್ಲಿ ಹೇಳುತ್ತೇವೆ. ಅಲ್ಲಿನ ಮರಗಳು ಆಳದ ಕೊಳೆತ ಕಲ್ಲಿನ ಪದರಕ್ಕೆ ಬೇರಿಳಿಸಿ, ಅಲ್ಲಿ ಕೂಡಿಟ್ಟ ತೇವವನ್ನು ಕುಡಿಯುತ್ತವೆ. ಒಳ್ಳೆಯ ಮಳೆ ಬಂದ ವರ್ಷ ಮೊದಲು ತುಂಬುವುದು ಆ ಪದರ, ಬಾವಿಗೆ ತಲುಪುವುದು ಆಮೇಲೆ. ಹಾಗಾಗಿ ಈ ವರ್ಷದ ನೀರಿನ ಮಟ್ಟದ ಮೇಲೆ ಹಲವು ಹಿಂದಿನ ವರ್ಷಗಳ ಮಳೆಯ ಗುರುತಿರುತ್ತದೆ. ಮುಂಗಾರಿಗೆ ಮೊದಲು ಒಮ್ಮೆ, ನಂತರ ಒಮ್ಮೆ ಎಂಬ ನಮ್ಮ ಎರಡು ಸಲದ ಅಳತೆಗೆ ಇದು ಯಾವತ್ತೂ ಸಿಗುತ್ತಿರಲಿಲ್ಲ. ಬೇರಂಬಾಡಿಯ ಹೊಲಗಳ ಮಣ್ಣಿನ ತೇವದ ಅಳತೆ ಉಪಗ್ರಹಗಳು ಹೇಳುವುದನ್ನು ತಾಳೆ ನೋಡಲು ಬಳಕೆಯಾಯಿತು. ಇವೆಲ್ಲ ಒಬ್ಬ ವಿದ್ಯಾರ್ಥಿಯ ಕೆಲಸವಲ್ಲ. ಒಬ್ಬರ ನಂತರ ಒಬ್ಬರು ಬಂದ ವಿದ್ಯಾರ್ಥಿಗಳು ಅದೇ ಬಾವಿಗಳಿಗೆ ಹೋದರು, ಹಿಂದಿನವರ ಅಂಕಿ ಅಂಶದ ಮೇಲೆ ತಮ್ಮ ಪ್ರಶ್ನೆ ಇಟ್ಟರು.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕೊರತೆಯಿರುವುದು ಈ ಮುಂದುವರಿಕೆಯದ್ದು. ಪಿಎಚ್.ಡಿ. ಮುಗಿದ ದಿನ ಅಂಕಿ ಅಂಶ ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿ ಮನೆಗೆ ಹೋಗುತ್ತದೆ. ಮುಂದಿನವನು ಹೊಸ ತಾಲೂಕು ಹುಡುಕುತ್ತಾನೆ. ಪ್ರಬಂಧ ಸಲ್ಲಿಸುವಾಗಲೇ ಬಾವಿಗಳ ಜಾಗ, ದಿನಾಂಕ, ಅಳತೆ ಎಲ್ಲವನ್ನೂ ವಿಭಾಗಕ್ಕೆ ಒಪ್ಪಿಸಬೇಕು ಎಂಬ ಒಂದು ಸಾಲಿನ ನಿಯಮ ಮಾಡಲು ಸರ್ಕಾರದ ಅನುಮತಿ ಬೇಕಾಗಿಲ್ಲ. ವಿಭಾಗದ ಸಭೆ ಸಾಕು.

ಈಗ ಪಟ್ಟಿ. ಸಿಎಸ್‌ಐಆರ್–ಯುಜಿಸಿ ನೆಟ್‌ನಲ್ಲಿ ಭೂಮಿ, ವಾತಾವರಣ, ಸಾಗರ ಮತ್ತು ಗ್ರಹ ವಿಜ್ಞಾನ ಎಂಬ ಪತ್ರಿಕೆಯಿದೆ. ಜೆಆರ್‌ಎಫ್ ಸಿಕ್ಕರೆ, 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ, ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಗೇಟ್‌ನಲ್ಲಿ ಭೂವಿಜ್ಞಾನ ಮತ್ತು ಭೂಭೌತ ವಿಜ್ಞಾನದ ಪತ್ರಿಕೆಯಿದೆ. ಐಐಟಿಗಳ ಬಾಗಿಲಿಗೆ ಅದೂ ಒಂದು ಕೀಲಿ. 2022ರ ಯುಜಿಸಿ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕ ಇದ್ದವರು ನೇರ ಸೇರಬಹುದು ಎಂದು ಅದೇ ನಿಯಮ ಹೇಳುತ್ತದೆ. ಕರ್ನಾಟಕ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿದ್ದರಿಂದ ನಮ್ಮ ಮಕ್ಕಳಿಗೆ ಎಂ.ಎಸ್ಸಿ.ಯೇ ದಾರಿ. ಸಮುದ್ರದ ಕಡೆ ಒಲವಿದ್ದವರಿಗೆ ಮಂಗಳೂರು ವಿಶ್ವವಿದ್ಯಾಲಯದ ಸಾಗರ ಭೂವಿಜ್ಞಾನ ವಿಭಾಗವಿದೆ, ಗೋವಾದಲ್ಲಿ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವಿದೆ. ಯುಪಿಎಸ್‌ಸಿಯ ಜಿಯೊ-ಸೈಂಟಿಸ್ಟ್ ಪರೀಕ್ಷೆ ಬರೆದು ಭೂವೈಜ್ಞಾನಿಕ ಸರ್ವೇಕ್ಷಣಾಲಯಕ್ಕೋ ಕೇಂದ್ರ ಅಂತರ್ಜಲ ಮಂಡಳಿಗೋ ಹೋದರೂ ಸಂಶೋಧನೆ ಬಿಟ್ಟಂತಲ್ಲ; ಎಷ್ಟೋ ಸಲ ಅಲ್ಲಿನ ಭೂವೈಜ್ಞಾನಿಕ ನಕ್ಷೆಗಳು, ಅಲ್ಲಿನ ವೀಕ್ಷಣಾ ಬಾವಿಗಳು ವಿಶ್ವವಿದ್ಯಾಲಯದವರಿಗಿಂತ ಹೆಚ್ಚು ವರ್ಷ ಬಾಳುತ್ತವೆ.

ಗೈಡ್ ಆಯ್ಕೆ ಮಾಡುವಾಗ ಅವರ ಪ್ರಕಟಣೆಗಳ ಸಂಖ್ಯೆ ಎಣಿಸಬೇಡಿ. ಕಳೆದ ಎರಡು ವರ್ಷದಲ್ಲಿ ವಿದ್ಯಾರ್ಥಿಗಳ ಜೊತೆ ಎಷ್ಟು ಸಲ ಫೀಲ್ಡಿಗೆ ಹೋಗಿದ್ದಾರೆ ಎಂದು ಅವರ ಹಿರಿಯ ವಿದ್ಯಾರ್ಥಿಯನ್ನು ಕ್ಯಾಂಟೀನಿನಲ್ಲಿ ಕೇಳಿ. ಹೆಣ್ಣುಮಕ್ಕಳಿಗೆ ಫೀಲ್ಡ್ ಕಷ್ಟ ಎಂದು ಈಗಲೂ ಸಂದರ್ಶನದಲ್ಲಿ ಹೇಳುವವರಿದ್ದಾರೆ. ಕಷ್ಟವಿರುವುದು ಉಳಿಯಲು ಜಾಗ, ಓಡಾಡಲು ವಾಹನ ಇಲ್ಲದಿರುವುದರಲ್ಲಿ. ಅದನ್ನು ಒದಗಿಸುವುದು ವಿಭಾಗದ ಹೊಣೆ, ಹುಡುಗಿಯ ಎದೆಗಾರಿಕೆಯ ಪರೀಕ್ಷೆಯಲ್ಲ.

ಕೊನೆಗೆ ದತ್ತಿ ಇಟ್ಟ ಹಿರಿಯರಲ್ಲಿ ಒಂದು ವಿನಂತಿ, ಸಂಘಟಕರು ಬೇಸರ ಮಾಡಿಕೊಳ್ಳಬಾರದು. ಈ ದತ್ತಿಯ ಬಡ್ಡಿಯಲ್ಲಿ ಪ್ರತಿವರ್ಷ ಒಂದು ಉಪನ್ಯಾಸ, ಶಾಲು, ಹಾರ, ಪುಸ್ತಕದ ಅಚ್ಚು ನಡೆಯುತ್ತಿದೆ. ಒಂದು ವರ್ಷ ಉಪನ್ಯಾಸಕರನ್ನು ಕರೆಯುವುದು ಬಿಟ್ಟು ಆ ಹಣದಲ್ಲಿ ನೀರಿನ ಮಟ್ಟವನ್ನು ತಾನೇ ದಾಖಲಿಸುವ ಒಂದು ಲಾಗರ್ ಕೊಂಡು, ಈ ಕಾಲೇಜಿನ ಹಿಂದಿರುವ, ಯಾರೂ ಬಳಸದ ಬಾವಿಗೆ ಇಳಿಸಿ. ಪ್ರತಿವರ್ಷ ಎಂ.ಎಸ್ಸಿ.ಯ ಇಬ್ಬರು ವಿದ್ಯಾರ್ಥಿಗಳು ಅದರ ಅಂಕಿ ಅಂಶ ಇಳಿಸಿಕೊಂಡು, ಬ್ಯಾಟರಿ ನೋಡಿ, ಮಳೆಯ ಲೆಕ್ಕದ ಪಕ್ಕದಲ್ಲಿ ಬರೆದಿಡಲಿ. ನನ್ನ ಹಾಗೆ ಮಾತನಾಡುವವರು ಮುಂದಿನ ವರ್ಷವೂ ಸಿಗುತ್ತಾರೆ.